ಅಜ್ಜನ ಕತ್ತಿ, ಅಪ್ಪಣ್ಣನ ಕಾಯಕ

ಆಷಾಢ ಮಾಸದಲ್ಲಿ ಹರಿಹರಪುರದ ತುಂಗೆ ಕೆನ್ನೀರು ಹೊತ್ತು ದಡ ತುಂಬಿ ಹರಿಯುತ್ತಾಳೆ. ಮಳೆ ಬಿಡದ ಇಂತಹ ದಿನಗಳಲ್ಲಿ ಅಟ್ಟದ ಸಾಮಾನುಗಳನ್ನು ಕೆಳಗಿಳಿಸಿ, ಒರೆಸಿ, ಒಲೆಯ ಕಾವಿಗೆ ಇಡುವುದು ನಮ್ಮ ಮನೆಯ ರೂಢಿ. ಹೀಗೆ ಒಂದು ವರ್ಷ ತಗಡಿನ ಪೆಟ್ಟಿಗೆಯಿಂದ ಅಜ್ಜನವರ ಕ್ಷೌರದ ಕತ್ತಿ ನಮ್ಮ ಕೈಗೆ ಬಂದಿತು. ಕೊಂಬಿನ ಹಿಡಿಯೊಳಗೆ ಮಡಿಸಿಡುವ ಉಕ್ಕಿನ ಅಲಗು. ಅದರ ಬುಡದಲ್ಲಿ ಒಂದು ನಕ್ಷತ್ರ, ಒಂದು ಶಿಲುಬೆ, ಶೆಫೀಲ್ಡ್ ಎಂಬ ಅಕ್ಷರಗಳು. ಅಂದಿನಿಂದ ಹಳೆಯ ಇಂಗ್ಲಿಷ್ ಕತ್ತಿಗಳನ್ನು ಕೂಡಿಡುವ ಹವ್ಯಾಸ ನಮಗೆ ಅಂಟಿತು. ಇಂದು ನಮ್ಮಲ್ಲಿ ಹನ್ನೊಂದು ಕತ್ತಿಗಳಿವೆ. ಅವುಗಳ ವಿಚಾರವನ್ನೂ, ಅವುಗಳಿಂದ ನಾವು ತಡವಾಗಿ ಕಲಿತ ಒಂದು ಪಾಠವನ್ನೂ ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಶೆಫೀಲ್ಡಿನ ಗುರುತು

ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣವು ಕತ್ತಿ ಚಾಕುಗಳಿಗೆ ಲೋಕಪ್ರಸಿದ್ಧ. ಅಲ್ಲಿ 1740ರ ಸುಮಾರಿಗೆ ಬೆಂಜಮಿನ್ ಹಂಟ್ಸ್‌ಮನ್ ಎಂಬಾತನು ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಎರಕ ಹೊಯ್ಯುವ ಕ್ರಮವನ್ನು ಕಂಡುಕೊಂಡ ಮೇಲೆ ಕ್ಷೌರದ ಕತ್ತಿಗೆ ಬೇಕಾದ ಶುದ್ಧವಾದ ಉಕ್ಕು ದೊರೆಯತೊಡಗಿತು. ನಕ್ಷತ್ರ ಮತ್ತು ಶಿಲುಬೆ ಜೋಸೆಫ್ ರಾಜರ್ಸ್ ಕಂಪನಿಯ ಮುದ್ರೆ. ಜಾರ್ಜ್ ವೋಸ್ಟನ್‌ಹೋಮ್, ವೇಡ್ ಅಂಡ್ ಬುಚರ್ ಕಂಪನಿಗಳ ಕತ್ತಿಗಳೂ ಹೆಸರುವಾಸಿಯಾದವು.

ಕತ್ತಿಯ ವಯಸ್ಸನ್ನು ತಿಳಿಯಲು ಕೆಲವು ಗುರುತುಗಳಿವೆ. ಹಳೆಯ ಅಲಗುಗಳು ಬೆನ್ನಿನಲ್ಲಿ ದಪ್ಪವಾಗಿ ಬಾಯಿಯತ್ತ ಬೆಣೆಯಂತೆ ತೆಳುವಾಗುತ್ತವೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಎರಡೂ ಮಗ್ಗುಲನ್ನು ಒಳಕ್ಕೆ ತಗ್ಗಾಗಿ ಸಾಣೆ ಹಿಡಿಯುವ ಪದ್ಧತಿ ಹರಡಿತು. ಹೊರದೇಶದ ಸರಕುಗಳ ಮೇಲೆ ಆ ದೇಶದ ಹೆಸರಿರಬೇಕೆಂದು ಅಮೆರಿಕವು 1890ರಲ್ಲಿ ಕಾನೂನು ಮಾಡಿದ್ದರಿಂದ, ಇಂಗ್ಲೆಂಡ್ ಎಂಬ ಅಕ್ಷರಗಳುಳ್ಳವು ಸಾಮಾನ್ಯವಾಗಿ ಆ ನಂತರದವು. ದಂತದ ಹಿಡಿಯ ಕತ್ತಿ ಕಂಡರೆ ಆಸೆಪಡಬಾರದು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ದಂತದ ಮಾರಾಟವು ಅಪರಾಧ.

ಉಕ್ಕು ಎಂಬ ನಮ್ಮ ಮಾತು

ಇಂಗ್ಲಿಷರ ಉಕ್ಕನ್ನು ಹೊಗಳುವಾಗ ನಮ್ಮ ನೆಲದ ಉಕ್ಕನ್ನು ಮರೆಯಲಾಗದು. ದಕ್ಷಿಣ ಭಾರತದ ಮೂಸೆಯ ಉಕ್ಕಿಗೆ ಅವರು ವೂಟ್ಸ್ ಎಂದರು. ಇದು ಕನ್ನಡದ ಉಕ್ಕು ಎಂಬ ಪದದಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕನ್ನು ಕುರಿತು ಪ್ರಬಂಧ ಮಂಡಿಸಿದನು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಬ್ಬಿಣ, ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟನು. ಮುಂದೆ ವಿಜ್ಞಾನಿ ಮೈಕೆಲ್ ಫ್ಯಾರಡೆಯು ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿ ಕೆಲಸಗಾರನೊಡನೆ ಇದೇ ಉಕ್ಕಿನ ಗುಟ್ಟನ್ನು ಅರಸುತ್ತ 1820 ಮತ್ತು 1822ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದನು. ಹೆಸರಿಲ್ಲದ ನಮ್ಮ ಕುಲುಮೆಯವರ ಕಾಯಕವು ಹೀಗೆ ಸಾಗರದಾಚೆಯ ಪಂಡಿತರಿಗೂ ಪಾಠವಾಯಿತು.

ಜಗಲಿಯ ಮೇಲಿನ ಹಿರಿಯರು

ಅಜ್ಜನವರ ಕತ್ತಿಯನ್ನು ಮಸೆದುಕೊಡಲು ಕ್ಷೌರ ವೃತ್ತಿಯ ಹಿರಿಯರೊಬ್ಬರು ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅವರು ಮಸೆದ ಕತ್ತಿ ಒಳಮನೆಗೆ ಹೋಗುತ್ತಿತ್ತು; ಮಸೆದವರು ಜಗಲಿಯ ಮೇಲೆಯೇ ಉಳಿಯುತ್ತಿದ್ದರು. ಒಮ್ಮೆ ಬಾಳೆಹೊನ್ನೂರಿನ ಶ್ರೀ ರಂಭಾಪುರಿ ಪೀಠಕ್ಕೆ ಹೊರಟಾಗ ಅವರು ಎದುರಾದರೆಂದು ಮನೆಯವರೆಲ್ಲ ಹಿಂದಿರುಗಿ, ಒಂದು ಗಳಿಗೆ ಕುಳಿತು, ನೀರು ಕುಡಿದು ಹೊರಟೆವು. ಅವರು ಅದನ್ನು ಕಂಡರು. ತಲೆ ತಗ್ಗಿಸಿ ಬೇಲಿಯ ಮಗ್ಗುಲಿಗೆ ಸರಿದು ನಿಂತರು. ಹಣೆಯಲ್ಲಿ ವಿಭೂತಿ, ಎದೆಯಲ್ಲಿ ಇಷ್ಟಲಿಂಗ ಧರಿಸಿದ ನಮಗೆ ಅಂದು ಏನೂ ಅನ್ನಿಸಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ನಿಕಟವರ್ತಿಯಾಗಿದ್ದವರು ಹಡಪದ ಅಪ್ಪಣ್ಣನವರು. ಹಡಪವೆಂದರೆ ಎಲೆ ಅಡಿಕೆಯ ಚೀಲ. ಕ್ಷೌರದ ಸಾಮಾನಿನ ಚೀಲಕ್ಕೂ ಅದೇ ಹೆಸರು. ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಎಂಬ ಅಂಕಿತದಲ್ಲಿ ಅವರು ವಚನಗಳನ್ನು ರಚಿಸಿದರು. ಅವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಬಸವಣ್ಣನವರನ್ನು ಕಾಣಬಂದವರು ಮೊದಲು ಅಪ್ಪಣ್ಣನವರ ಮುಖವನ್ನು ಕಾಣಬೇಕಾಗಿತ್ತೆಂದು ಹಿರಿಯರು ಹೇಳುತ್ತಾರೆ. ಯಾವ ಮುಖವನ್ನು ಲೋಕವು ಅಪಶಕುನವೆಂದಿತೋ ಆ ಮುಖವೇ ಮಹಾಮನೆಯ ಬಾಗಿಲಾಯಿತು. ನಾವಾದರೋ ಪೀಠದ ದರ್ಶನಕ್ಕೆ ಹೊರಟು ಆ ಬಾಗಿಲಿನಿಂದಲೇ ಹಿಂದಿರುಗಿದ್ದೆವು.

ಕಲ್ಲು ಕಲಿಸಿದ ಪಾಠ

ಪೆಟ್ಟಿಗೆಯಲ್ಲಿ ಕತ್ತಿ ದೊರೆತ ವರ್ಷ ನಾವು ಅದನ್ನು ಬಳಸಿ, ಒರೆಸದೆ ತೊಗಲಿನ ಒರೆಯಲ್ಲಿಟ್ಟು ಮರೆತೆವು. ಎಂಟು ದಿನಗಳಲ್ಲಿ ಕೆಂಪು ತುಕ್ಕು ಬಾಯಿಯನ್ನು ತಿಂದಿತ್ತು. ಬೇರೆ ದಾರಿ ಕಾಣದೆ ಆ ಹಿರಿಯರ ಮನೆಗೆ ಹೋದೆವು. ಅವರ ಹೊಸ್ತಿಲನ್ನು ದಾಟಿದ್ದು ಅದೇ ಮೊದಲು. ಅವರು ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು, ನಮ್ಮನ್ನು ಬಯ್ಯಲಿಲ್ಲ. ಕಲ್ಲನ್ನು ನೀರಿನಿಂದ ನೆನೆಸಿ, “ಕಲ್ಲಿನ ಮೇಲೆ ಅವಸರ ಮಾಡಬಾರದು ಒಡೆಯಾ” ಎಂದರು. ಒಡೆಯಾ ಎನ್ನಬೇಡಿರೆಂದು ಬೇಡಿಕೊಂಡೆವು. “ಇಷ್ಟು ವರ್ಷ ಆಡಿದ ಬಾಯಿ” ಎಂದು ನಕ್ಕರು.

ಅವರು ಕಲಿಸಿದ ಕ್ರಮ ಇದು. ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ಒಟ್ಟಿಗೆ ತಾಗಿರಬೇಕು. ಬಾಯಿ ಮುಂದಾಗಿ, ಭಾರ ಹಾಕದೆ ಸರಿಸಬೇಕು. ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಗಡ್ಡವನ್ನು ಬಿಸಿನೀರು, ಸಾಬೂನಿನ ನೊರೆಯಿಂದ ನೆನೆಸಿ, ಚರ್ಮವನ್ನು ಬಿಗಿಹಿಡಿದು, ಅಲಗನ್ನು ಸುಮಾರು 30 ಡಿಗ್ರಿ ಓರೆಯಲ್ಲಿಟ್ಟು ಕೂದಲು ಬೆಳೆದ ದಿಕ್ಕಿನಲ್ಲಿ ಇಳಿಸಬೇಕು. ಕೆಲಸ ಮುಗಿದೊಡನೆ ಒರೆಸಿ, ಪೂರ್ಣ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಬೇಕು.

ಇದಕ್ಕೆ ನಾವು ಸೇರಿಸುವ ಎಚ್ಚರಿಕೆಯೊಂದಿದೆ. ರಕ್ತದ ಮೂಲಕ ಕಾಮಾಲೆಯ ಹೆಪಟೈಟಿಸ್ ಬಿ ಮುಂತಾದ ಸೋಂಕು ಹರಡಬಹುದಾದ್ದರಿಂದ ಒಬ್ಬರ ಕತ್ತಿಯನ್ನು ಇನ್ನೊಬ್ಬರು ಬಳಸಲೇಬಾರದು. ಅಂಗಡಿಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕುವುದು ಇದಕ್ಕಾಗಿಯೇ.

ಆ ಹಿರಿಯರು ಈಗ ಲಿಂಗೈಕ್ಯರ ಸಾಲಿಗೆ ಸೇರಿದ್ದಾರೆಂದೇ ನಾವು ಭಾವಿಸುತ್ತೇವೆ. ಅವರ ಕಲ್ಲನ್ನು ಅವರ ಮನೆಯವರು ನಮಗೆ ಕೊಟ್ಟರು. ಸಂಗ್ರಹವನ್ನು ನೋಡಬಂದವರು ಕತ್ತಿಗಳ ಬೆಲೆ ಕೇಳುತ್ತಾರೆ. ನಾವು ಮೊದಲು ನಡು ಸವೆದ ಆ ಕಲ್ಲನ್ನು ತೋರಿಸುತ್ತೇವೆ. ಆಷಾಢ ಹುಣ್ಣಿಮೆಯಂದು ಅಪ್ಪಣ್ಣನವರ ಜಯಂತಿ. ಆ ದಿನ ಅವರ ಮಕ್ಕಳು ಮೊಮ್ಮಕ್ಕಳು ನಮ್ಮ ಒಳಮನೆಯಲ್ಲಿ, ನಮ್ಮದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ. ತಂದೆಗೆ ಸಲ್ಲಬೇಕಾಗಿದ್ದುದು ಮಕ್ಕಳಿಗೆ ಸಂದರೆ ಸಾಲ ತೀರದು, ಬಡ್ಡಿಯಷ್ಟೇ ಸಂದೀತು. ನಿಮ್ಮ ಅಟ್ಟದಲ್ಲಿಯೂ ಇಂತಹ ಕತ್ತಿಯೊಂದಿದ್ದರೆ ತುಕ್ಕನ್ನು ಒರೆಸಿರಿ. ಅದನ್ನು ಮಸೆದವರ ಮನೆ ಎಲ್ಲಿದೆಯೆಂದು ವಿಚಾರಿಸಿರಿ. ಶರಣು ಶರಣಾರ್ಥಿ.