ರೆಪ್ಪೆಯ ಸ್ನಾಯುವಿನಲ್ಲಿ ರೋಗದ ಸುಳಿವು

ವಿಜ್ಞಾನದ ತರಗತಿಯಲ್ಲಿ ಮೈಟೊಕಾಂಡ್ರಿಯವನ್ನು ನಾನು ‘ಜೀವಕೋಶದ ಒಲೆ’ ಎಂದು ಕರೆಯುತ್ತಿದ್ದುದು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆಹಾರದ ಸತ್ವವೂ ಆಮ್ಲಜನಕವೂ ಅಲ್ಲಿ ಕೂಡಿ ದೇಹಕ್ಕೆ ಬೇಕಾದ ಶಕ್ತಿ ಹುಟ್ಟುತ್ತದೆ. ಆ ಒಲೆಯೇ ಕೆಟ್ಟರೆ ಏನಾಗುವುದು, ವೈದ್ಯರು ಅದನ್ನು ಹೇಗೆ ಅರಿಯುವರು ಎಂಬುದನ್ನು ಈ ಸುವರ್ಣ ಮಹೋತ್ಸವ ಸಂಚಿಕೆಯ ಓದುಗರಿಗೆ ತಿಳಿಸಬಯಸುತ್ತೇನೆ.

ಶಕ್ತಿಯ ಕೊರತೆ ಎಡೆಬಿಡದೆ ದುಡಿಯುವ ಸ್ನಾಯುಗಳನ್ನು ಬೇಗನೆ ಬಾಧಿಸುತ್ತದೆ. ಕಣ್ಣುಗುಡ್ಡೆಯನ್ನು ಹೊರಳಿಸುವ, ಮೇಲ್ರೆಪ್ಪೆಯನ್ನು ಎತ್ತಿ ಹಿಡಿಯುವ ಸ್ನಾಯುಗಳು ಅಂತಹವು. ಆದುದರಿಂದ ಇಂತಹ ರೋಗಗಳಲ್ಲಿ ಹಲವು ಸಲ ರೆಪ್ಪೆಗಳು ವರ್ಷಾನುಗಟ್ಟಲೆ ಮೆಲ್ಲಮೆಲ್ಲನೆ ಇಳಿಬೀಳುತ್ತವೆ; ಕಣ್ಣಿನ ಚಲನೆಯೂ ಕುಗ್ಗುತ್ತದೆ. 1958ರಲ್ಲಿ ಕೆರ್ನ್ಸ್ ಮತ್ತು ಸೇಯರ್ ಎಂಬ ವೈದ್ಯರು ವರ್ಣಿಸಿದ ರೋಗವು ಇಪ್ಪತ್ತು ವರ್ಷದೊಳಗೇ ತಲೆದೋರುತ್ತದೆ. ಅದರಲ್ಲಿ ಹೃದಯದ ಬಡಿತವನ್ನು ನಿಯಂತ್ರಿಸುವ ವಿದ್ಯುತ್ ಸಂಚಾರಕ್ಕೆ ತಡೆಯುಂಟಾಗಿ ಹಠಾತ್ ಮರಣವೂ ಸಂಭವಿಸಬಹುದು. ಮೊದಲೇ ತಿಳಿದರೆ ಪೇಸ್‌ಮೇಕರ್ ಅಳವಡಿಸಿ ಪ್ರಾಣ ಉಳಿಸಬಹುದು.

ಮೈಟೊಕಾಂಡ್ರಿಯಕ್ಕೆ ತನ್ನದೇ ಆದ ಡಿಎನ್‌ಎ ಇದೆ. ಅದರಲ್ಲಿ 37 ವಂಶವಾಹಿಗಳಿವೆ. ಆ ಡಿಎನ್‌ಎಯ ಒಂದು ಭಾಗವೇ ಲೋಪವಾಗಿರುವುದನ್ನು 1988ರಲ್ಲಿ ಲಂಡನ್ನಿನ ಸಂಶೋಧಕರು ರೋಗಿಗಳ ಸ್ನಾಯುವಿನಲ್ಲಿ ಕಂಡರು. ರಕ್ತಪರೀಕ್ಷೆಯಲ್ಲಿ ಈ ಲೋಪ ಅನೇಕ ವೇಳೆ ಸಿಕ್ಕುವುದಿಲ್ಲ. ಆದ ಕಾರಣ ತೊಡೆಯ ಅಥವಾ ತೋಳಿನ ಸ್ನಾಯುವಿನ ಚೂರನ್ನು ತೆಗೆದು ಪರೀಕ್ಷಿಸುವುದು ವಾಡಿಕೆ. ಇದೇ ಬಯಾಪ್ಸಿ.

ಆದರೆ ಇಳಿಬಿದ್ದ ರೆಪ್ಪೆಯನ್ನು ಎತ್ತಲು ಶಸ್ತ್ರಚಿಕಿತ್ಸೆ ಮಾಡುವಾಗ ಕೆಲವೊಮ್ಮೆ ರೆಪ್ಪೆಯ ಸ್ನಾಯುವಿನ ಒಂದಂಶವನ್ನು ಹೇಗೂ ಕತ್ತರಿಸುತ್ತಾರೆ. ಅದನ್ನು ಎಸೆಯದೆ ಪರೀಕ್ಷೆಗೆ ಕಳುಹಿಸಿದರೆ ರೋಗಿಗೆ ಇನ್ನೊಂದು ಗಾಯ ತಪ್ಪೀತು. ಕಿಣ್ವಗಳ ಪರೀಕ್ಷೆಗೆ ಆ ಚೂರನ್ನು ಫಾರ್ಮಲಿನ್‌ನಲ್ಲಿ ಹಾಕದೆ ಕೂಡಲೇ ಅತಿಶೀತದಲ್ಲಿ ಹೆಪ್ಪುಗಟ್ಟಿಸಬೇಕು. ತೆಳುವಾಗಿ ಸೀಳಿ ಗೊಮೊರಿ ಬಣ್ಣ ಹಚ್ಚಿದಾಗ, ಕೆಟ್ಟ ಮೈಟೊಕಾಂಡ್ರಿಯಗಳು ಕಿಕ್ಕಿರಿದ ಎಳೆಗಳು ಅಂಚು ಹರಿದ ಕೆಂಪು ನೂಲಿನಂತೆ ಕಾಣುತ್ತವೆ. ಅದೇ ಚೂರಿನಿಂದ ಡಿಎನ್‌ಎಯನ್ನೂ ಪರಿಶೀಲಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮುಪ್ಪಿನಲ್ಲಿ ಕಣ್ಣಿನ ಸ್ನಾಯುಗಳಲ್ಲಿ ಇಂತಹ ದೋಷಗಳು ಸಹಜವಾಗಿಯೇ ಸಂಗ್ರಹವಾಗುತ್ತವೆ. ಎಪ್ಪತ್ತು ದಾಟಿದ ನನ್ನಂಥವನ ರೆಪ್ಪೆಯಲ್ಲಿ ಕೆಲವು ಕೆಟ್ಟ ಎಳೆಗಳು ಕಂಡರೆ ಅದನ್ನೇ ರೋಗವೆನ್ನಲಾಗದು. ಇಪ್ಪತ್ತರ ಯುವಕನಲ್ಲಿ ಕಂಡರೆ ಅದರ ಅರ್ಥ ಬೇರೆ. ಸಂದೇಹ ಉಳಿದರೆ ತೊಡೆಯ ಸ್ನಾಯುವನ್ನೂ ನೋಡಬೇಕಾಗುತ್ತದೆ. ದಿನದಲ್ಲಿ ಏರಿಳಿಯುವ ರೆಪ್ಪೆಯ ಬಳಲಿಕೆ ಮಯಸ್ತೇನಿಯ ಎಂಬ ಬೇರೊಂದು ರೋಗದ ಲಕ್ಷಣವಾಗಿರಬಹುದು, ಅದಕ್ಕೆ ಔಷಧವಿದೆ.

ಮೈಟೊಕಾಂಡ್ರಿಯ ದೋಷವನ್ನು ಬುಡಸಹಿತ ನೀಗುವ ಔಷಧ ಇನ್ನೂ ಇಲ್ಲ. ಆದರೂ ರೋಗದ ಹೆಸರು ತಿಳಿದರೆ ಹೃದಯವನ್ನು ಕಾಯಬಹುದು. ರೆಪ್ಪೆಯನ್ನು ಅತಿಯಾಗಿ ಎತ್ತಿ, ಕಣ್ಣು ಮುಚ್ಚಲಾಗದೆ ಒಣಗುವಂತೆ ಮಾಡುವುದನ್ನೂ ತಪ್ಪಿಸಬಹುದು.

ಶಿಕ್ಷಕ ಬಂಧುಗಳಲ್ಲಿ, ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ: ಗದ್ದವನ್ನು ಮೇಲೆತ್ತಿ, ಹುಬ್ಬೇರಿಸಿ ಕರಿಹಲಗೆಯನ್ನು ನೋಡುವ ಮಗುವನ್ನು ತೂಕಡಿಸುತ್ತಿದೆಯೆಂದು ಗದರಿಸಬೇಡಿರಿ. ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ; ಹೃದಯದ ಇಸಿಜಿ ಪರೀಕ್ಷೆಯೂ ಬೇಕೇ ಎಂದು ವಿಚಾರಿಸಿರಿ.