ಒಂದೇ ಕಥೆ, ಎರಡು ಭಯ

‘ಆಪ್ತಮಿತ್ರ’ ಚಿತ್ರವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ದ್ವಾರಕೀಶ್ ನಿರ್ಮಿಸಿ ಪಿ. ವಾಸು ನಿರ್ದೇಶಿಸಿದ ಈ ಚಿತ್ರ ತೆರೆಕಂಡದ್ದು 2004ರಲ್ಲಿ. ಇದರ ಮೂಲ, ಫಾಜಿಲ್ ನಿರ್ದೇಶಿಸಿದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಡಬ್ಬಿಂಗ್ ಬೇಡವೆಂಬ ಕಟ್ಟುಪಾಡು ಕನ್ನಡದಲ್ಲಿ ದಶಕಗಳ ಕಾಲ ಇದ್ದುದರಿಂದ ಪರಭಾಷೆಯ ಕಥೆ ಬರಲು ರೀಮೇಕೇ ದಾರಿಯಾಗಿತ್ತು. ರೀಮೇಕ್ ಎಂದರೆ ಬರೀ ನಕಲು ಎಂದು ಮೂಗು ಮುರಿಯುವವರಿದ್ದಾರೆ. ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಹೇಳಿ.

ಕಥೆ ನಿಮಗೆ ಗೊತ್ತು. ಹಳೆಯ ಮನೆ, ಬೀಗ ಹಾಕಿದ ಕೋಣೆ. ಅದನ್ನು ತೆರೆಸಿದ ಗಂಗಾ ಕ್ರಮೇಣ ತನ್ನನ್ನೇ ಆ ಮನೆಯಲ್ಲಿ ಹಿಂದೆ ಕೊಲೆಯಾದ ನರ್ತಕಿ ನಾಗವಲ್ಲಿಯೆಂದು ಭಾವಿಸುತ್ತಾಳೆ.

ಈಗ ಕಿವಿಗೊಟ್ಟು ಕೇಳಬೇಕಾದ ಸಂಗತಿ. ಮೂಲದ ನಾಗವಲ್ಲಿ ತಂಜಾವೂರಿನವಳು, ತಮಿಳು ಮಾತನಾಡುತ್ತಾಳೆ. ಮಲಯಾಳಂ ಮನೆಯ ಸೊಸೆಯ ಬಾಯಲ್ಲಿ ತಮಿಳು ಹೊರಟಾಗಲೇ ಮೈ ಜುಂ ಎನ್ನುವುದು. ಕನ್ನಡದಲ್ಲಿ ಅವಳು ತೆಲುಗಿನವಳಾದಳು. ಅವಳ ನೃತ್ಯದ ಹಾಡೂ ತೆಲುಗಿನದೇ. 2005ರಲ್ಲಿ ವಾಸು ಅವರೇ ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದಾಗ ತಮಿಳು ಮನೆಮಾತಾಗಿಬಿಟ್ಟಿತಲ್ಲ, ಅಲ್ಲಿಯೂ ನರ್ತಕಿ ತೆಲುಗಿನವಳು. 2007ರ ಹಿಂದಿ ‘ಭೂಲ್ ಭುಲೈಯಾ’ದಲ್ಲಿ ಅವಳು ಬಂಗಾಳಿಯಾದಳು. ಪೂರ್ತಿ ಅರ್ಥವಾಗದ, ಆದರೆ ತೀರಾ ಅಪರಿಚಿತವೂ ಅಲ್ಲದ ನೆರೆಭಾಷೆ ಬೇಕು. ಬೂಕನಕೆರೆಯ ಒಂದು ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ನಡುರಾತ್ರಿ ತೆಲುಗು ಮಾತನಾಡತೊಡಗಿದರೆ ಹೇಗಿರುತ್ತದೆ, ಊಹಿಸಿಕೊಳ್ಳಿ.

ಹೆಸರನ್ನೂ ಗಮನಿಸಿ. ಮಲಯಾಳಂ ಹೆಸರಿನ ಅರ್ಥ ಚಿತ್ತಾರದ ಬೀಗ. ಅದು ಕೋಣೆಯ ಹೆಸರು, ಒಂದು ರೀತಿಯಲ್ಲಿ ಗಂಗೆಯ ಮನಸ್ಸಿನ ಹೆಸರು. ಅಲ್ಲಿ ಮೋಹನ್‌ಲಾಲ್ ಅಭಿನಯಿಸಿದ ಮನೋವೈದ್ಯ ಬರುವುದೇ ಚಿತ್ರ ಅರ್ಧದ ಹತ್ತಿರ ಬಂದ ಮೇಲೆ. ಕನ್ನಡದ ಹೆಸರು ವೈದ್ಯನದು, ಅಂದರೆ ವಿಷ್ಣುವರ್ಧನ್ ಅವರದು. ಕಥೆಯ ಭಾರ ರೋಗಿಯಿಂದ ನಾಯಕನ ಕಡೆಗೆ ವಾಲಿತು. ನನಗೆ ಇದು ನಷ್ಟವೆಂದೇ ತೋರುತ್ತದೆ. ಆದರೂ ಸೌಂದರ್ಯ ಅವರ ಅಭಿನಯ ಚಿತ್ರವನ್ನು ಮತ್ತೆ ಗಂಗೆಯ ಕಡೆಗೆ ಎಳೆದು ತರುತ್ತದೆ. ಅವರು ಆ ವರ್ಷದ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. ಮೂಲದಲ್ಲಿ ಇದೇ ಪಾತ್ರ ಮಾಡಿದ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು.

ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಹೀಗೆ ನಡೆದುಕೊಳ್ಳುವ ಹೆಣ್ಣನ್ನು ಕಂಡರೆ ನಮ್ಮ ಕಡೆ ಮೊದಲು ಬರುವ ಮಾತು, ‘ದೆವ್ವ ಮೆಟ್ಟಿಕೊಂಡಿದೆ’ ಎಂಬುದು. ಇದು ದೆವ್ವವಲ್ಲ, ಕಾಯಿಲೆ ಎಂದು ಎರಡು ಚಿತ್ರಗಳೂ ಹೇಳುತ್ತವೆ. ತಂದೆತಾಯಿಯಿಂದ ದೂರ, ಅಜ್ಜಿಯ ಹತ್ತಿರ ಕಳೆದ ಬಾಲ್ಯದಲ್ಲಿ ಗಂಗೆಯ ಮನಸ್ಸು ಹೇಗೆ ಬಿರುಕು ಬಿಟ್ಟಿತೆಂದು ಮೂಲಚಿತ್ರ ಸಾವಧಾನವಾಗಿ ತಿಳಿಸುತ್ತದೆ. ಕೊನೆಯಲ್ಲಿ ವೈದ್ಯನೂ ಮಂತ್ರವಾದಿಯೂ ಕೈಜೋಡಿಸಿ, ಗಂಡನ ಬದಲು ಬೊಂಬೆಯನ್ನು ಕಡಿಸುತ್ತಾರೆ. (ನಿಜವಾದ ಮನೋವೈದ್ಯರು ಹೀಗೆ ಚಿಕಿತ್ಸೆ ಮಾಡುವುದಿಲ್ಲ, ನೆನಪಿರಲಿ.) ಆದರೆ ಕನ್ನಡದಲ್ಲಿ ಒಂದು ಭಾರೀ ಸರ್ಪ ಮನೆಯೊಳಗೆ ಸುಳಿದಾಡುತ್ತದೆ. ಕಾಯಿಲೆಯ ವಿವರಣೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಚಿತ್ರಮಂದಿರದಲ್ಲಿ ಚಪ್ಪಾಳೆ ಸಿಕ್ಕಿರಬಹುದು. ದೆವ್ವ ಇರಲೂಬಹುದು ಎಂಬ ಅನುಮಾನವೂ ಅದರ ಜೊತೆಗೇ ಮನೆಗೆ ಬಂತು.

ಸಾಧ್ಯವಾದರೆ ಮೂಲಚಿತ್ರವನ್ನು ನೋಡಿ. ಮಲಯಾಳಂ ಬಾರದಿದ್ದರೂ ಚಿಂತೆಯಿಲ್ಲ. ಗಂಗೆಯ ಮಾತು ತಮಿಳಿಗೆ ತಿರುಗಿದ ಕ್ಷಣ ನಿಮ್ಮ ಕಿವಿಗೆ ತಿಳಿಯುತ್ತದೆಯೇ, ಪರೀಕ್ಷಿಸಿಕೊಳ್ಳಿ.