ಕರಾವಳಿಯ ಕೇಪಿನ ಕೋವಿಗೆ ಒಂದು ಕ್ಲಬ್

ನಳಿಗೆಯ ಬಾಯಿಯಿಂದ ಮಸಿ ಎನ್ನುವ ಕರಿಮದ್ದು ಸುರಿದು, ಮೇಲೆ ತೆಂಗಿನ ನಾರು ತುರುಕಿ, ಚರೆ ಅಥವಾ ಸೀಸದ ಗುಂಡು ಇಳಿಸಿ, ಸರಳಿನಿಂದ ಕುಟ್ಟಿ ಕೂರಿಸಿ, ಹಿಂಬದಿಯ ಸಣ್ಣ ಕೊಳವೆಯ ತುದಿಗೆ ಕೇಪು ತೊಡಿಸಿ ಹಾರಿಸುವುದು ಕೇಪಿನ ಕೋವಿ. ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಘಟ್ಟದ ಬುಡದ ಅಡಿಕೆ ತೋಟ ಮತ್ತು ಗದ್ದೆಗಳ ಮನೆಗಳಿಗೆ ಬೆಳೆ ರಕ್ಷಣೆಗೆಂದು ಪರವಾನಗಿ ಸಿಗುತ್ತಾ ಬಂದಿರುವುದು ಮುಖ್ಯವಾಗಿ ಈ ಬಗೆಯ ಕೋವಿಗೇ. ಹಂದಿ, ಮಂಗಗಳ ಕಾಟ ಹೆಚ್ಚಾದ ದಿನಗಳಲ್ಲಿ ಬೆದರಿಸುವ ಸದ್ದಿಗೆ ಅದು ಹೊರಬರುತ್ತದೆ, ಚುನಾವಣೆ ಘೋಷಣೆಯಾದಾಗ ಪೊಲೀಸ್ ಠಾಣೆಗೆ ಹೋಗಿ ಬರುತ್ತದೆ, ಉಳಿದ ದಿನ ಮನೆಯೊಳಗೇ ಇರುತ್ತದೆ. ಹೀಗೆ ಅಪರೂಪಕ್ಕೆ ಬಳಸುವ ಕೋವಿಯೇ ಹೆಚ್ಚು ಅಪಾಯಕಾರಿ. ಹಿಡಿದವರ ಕೈಗೆ ಅಭ್ಯಾಸ ತಪ್ಪಿರುತ್ತದೆ, ನಳಿಗೆಯೊಳಗೆ ಹಿಂದಿನ ಸಲದ ಮಸಿ ಉಳಿದಿದೆಯೋ ಇಲ್ಲವೋ ನೆನಪಿರುವುದಿಲ್ಲ. ಗುರಿ ಅಭ್ಯಾಸದ ಕ್ಲಬ್ ಇಂಥ ಊರುಗಳಿಗೆ ಬೇಕಾಗುವುದು ಮೊದಲು ಈ ಕಾರಣಕ್ಕೆ. ಕ್ರೀಡೆ, ಸ್ಪರ್ಧೆ, ಬಹುಮಾನ ಅದರ ನಂತರದ ಮಾತು.

ಈ ಕರಾವಳಿಗೆ ಮದ್ದುಗುಂಡಿನ ಪರಿಚಯ ಐನೂರು ವರ್ಷಗಳಷ್ಟು ಹಳೆಯದು. 1502ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಭಟ್ಕಳದ ಮೇಲೆ ಬಿದ್ದವು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡನ ಪಡೆ ಹೊನ್ನಾವರಕ್ಕೆ ಬೆಂಕಿ ಇಟ್ಟಿತು. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟರು. 1783–84ರಲ್ಲಿ ಹೊನ್ನಾವರದ ಕೋಟೆಯೊಳಗಿದ್ದ ಇಂಗ್ಲಿಷ್ ಕ್ಯಾಪ್ಟನ್ ಟೊರಿಯಾನೋನ ತುಕಡಿಯನ್ನು ಟಿಪ್ಪುವಿನ ಸೈನ್ಯ ತಿಂಗಳುಗಟ್ಟಲೆ ಮುತ್ತಿತ್ತು. ಆ ಕಾಲದಲ್ಲಿ ಮೊದಲು ಬಂದದ್ದು ಬತ್ತಿ ಹೊತ್ತಿಸಿ ಹಾರಿಸುವ ಕೋವಿ, ಆಮೇಲೆ ಚಕಮಕಿ ಕಲ್ಲಿನದು. ಎರಡಕ್ಕೂ ಮಳೆಗಾಲವೇ ಶತ್ರು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಕಿಡಿ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ ಅದು ತಾಮ್ರದ ಪುಟ್ಟ ಟೋಪಿಯ ರೂಪ ತಾಳಿತು. ಇಂದಿನ ಕೇಪು ಅದೇ.

1857ರ ಬಂಡಾಯದ ನಂತರ ಬ್ರಿಟಿಷರು ಜನರ ಆಯುಧಗಳ ಮೇಲೆ ಹಿಡಿತ ಬಿಗಿ ಮಾಡಿದರು. 1878ರ ಆಯುಧ ಕಾಯ್ದೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಕೊಡಗಿಗೆ ಮಾತ್ರ 1861ರಲ್ಲೇ ವಿನಾಯಿತಿ ಸಿಕ್ಕಿತ್ತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಆ ವಿನಾಯಿತಿ ಈಗಲೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಹಾಗಾಗಿ ಕರ್ನಾಟಕದಲ್ಲಿ ಕೋವಿಯ ಸುತ್ತ ಸಾರ್ವಜನಿಕ ಹಬ್ಬ, ಸ್ಪರ್ಧೆ ಬೆಳೆದದ್ದು ಕೊಡಗಿನಲ್ಲಿ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆಯಾದ ಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಕೊಡವ ನ್ಯಾಷನಲ್ ಕೌನ್ಸಿಲ್ ತೋಕ್ ನಮ್ಮೆ ಎಂಬ ಕೋವಿ ಹಬ್ಬವನ್ನೇ ನಡೆಸುತ್ತದೆ. ಹೆಂಗಸರು ಮನೆಯವರ ಜೊತೆ ನಿಂತು ಗುರಿ ಹಿಡಿಯುವ ಅಲ್ಲಿನ ಪದ್ಧತಿ ಕರಾವಳಿಯೂ ಕಲಿಯಬೇಕಾದದ್ದು. ಆದರೆ ಕೊಡಗಿನ ವಿನಾಯಿತಿ ಉತ್ತರ ಕನ್ನಡಕ್ಕಿಲ್ಲ. ಇಲ್ಲಿ ಪ್ರತಿ ಹೆಜ್ಜೆಗೂ ಲಿಖಿತ ಅನುಮತಿ ಬೇಕು.

ಬಾಯಿಯಿಂದ ತುಂಬುವ ಕೋವಿಗಳಿಗೆಂದೇ ಜಗತ್ತಿನಲ್ಲಿ ಕ್ರೀಡಾ ವ್ಯವಸ್ಥೆಯೂ ಇದೆ. ಅಮೆರಿಕದಲ್ಲಿ ಇಂಥ ಕೋವಿಯವರ ರಾಷ್ಟ್ರೀಯ ಸಂಘ 1933ರಲ್ಲೇ ಹುಟ್ಟಿತು. 1971ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸಮಿತಿ, ಎಂಎಲ್‌ಎಐಸಿ, ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತದೆ. ಅದರ ಬಹುತೇಕ ಸ್ಪರ್ಧೆಗಳ ನಿಯಮ ಸರಳ: 30 ನಿಮಿಷದಲ್ಲಿ 13 ಈಡು, ಅವುಗಳಲ್ಲಿ ಅತ್ಯುತ್ತಮವಾದ 10ಕ್ಕೆ ಅಂಕ. ಒಂದು ಈಡಿಗೆ ಎರಡು ನಿಮಿಷಕ್ಕೂ ಹೆಚ್ಚು ಸಮಯ ಸಿಗುವುದರಿಂದ ಯಾರೂ ಅವಸರ ಮಾಡಬೇಕಿಲ್ಲ. ನಯವಾದ ನಳಿಗೆಯ ಚಕಮಕಿ ಕೋವಿಗೆ 50 ಮೀಟರ್‌ನ ಸ್ಪರ್ಧೆಯಿದೆ, ಬತ್ತಿ ಕೋವಿಗೆ ಪ್ರತ್ಯೇಕ ಸ್ಪರ್ಧೆಗಳಿವೆ. ಬತ್ತಿ ಕೋವಿಯ ಒಂದು ಸ್ಪರ್ಧೆಗೆ ತನೆಗಾಶಿಮಾ ಎಂದು ಹೆಸರು. 1543ರಲ್ಲಿ ಪೋರ್ಚುಗೀಸರ ಕೋವಿ ಜಪಾನಿಗೆ ಮೊದಲು ಕಾಲಿಟ್ಟ ದ್ವೀಪ ಅದು. ನಮ್ಮಲ್ಲಿ ಶೂಟಿಂಗ್ ಕ್ರೀಡೆಯ ಹೊಣೆ 1951ರಲ್ಲಿ ಸ್ಥಾಪನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನದು, ರಾಜ್ಯ ಮಟ್ಟದಲ್ಲಿ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್‌ನದು. ಹೊಸ ಕ್ಲಬ್ ಮೊದಲ ಸಲಹೆ ಕೇಳಬೇಕಾದದ್ದು ಅಲ್ಲಿ.

ಸಂಘ ಕಟ್ಟುವುದು ಇರುವುದರಲ್ಲಿ ಸುಲಭದ ಕೆಲಸ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಏಳು ಜನ ಸೇರಿ, ಉದ್ದೇಶ ಮತ್ತು ನಿಯಮಾವಳಿ ಬರೆದು ನೋಂದಾಯಿಸಬಹುದು. ಕಷ್ಟ ಇರುವುದು ಆಯುಧದ ಕಾನೂನಿನಲ್ಲಿ. 1959ರ ಆಯುಧ ಕಾಯ್ದೆಯ 13ನೇ ಕಲಂ ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳುತ್ತದೆ; ಆತ್ಮರಕ್ಷಣೆ ಮತ್ತು ಕ್ರೀಡೆಗೆ 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ, ಒಳಗೆ ನಯವಾದ ಕೋವಿಯನ್ನು ಹೇಳುತ್ತದೆ. ಅಂದರೆ ತೋಟದ ಕೋವಿಯ ಪರವಾನಗಿ ತೋಟಕ್ಕೆ. ಅದನ್ನು ಹೆಗಲಿಗೇರಿಸಿಕೊಂಡು ಪಕ್ಕದ ತಾಲ್ಲೂಕಿನ ಪಂದ್ಯಕ್ಕೆ ಹೋಗಲು ಅದು ತಾನಾಗಿ ಹಕ್ಕು ಕೊಡುವುದಿಲ್ಲ. ಪರವಾನಗಿಯಲ್ಲಿ ನಮೂದಾದ ಉದ್ದೇಶ, ಪ್ರದೇಶ, ಮದ್ದಿನ ಪ್ರಮಾಣವನ್ನು ಪ್ರತಿ ಸದಸ್ಯರೂ ಓದಿ, ಕ್ರೀಡೆಯ ಬಳಕೆಗೆ ಜಿಲ್ಲಾಧಿಕಾರಿಗಳಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಕ್ಲಬ್ಬಿಗೂ ಗುರಿ ಅಭ್ಯಾಸದ ಜಾಗಕ್ಕೂ 2016ರ ಆಯುಧ ನಿಯಮಗಳಡಿ ಬೇರೆಯೇ ಪರವಾನಗಿ ಬೇಕು. 21 ವರ್ಷ ತುಂಬದವರಿಗೆ ಕೋವಿಯ ಪರವಾನಗಿ ಇಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯ ಅವಧಿ ಐದು ವರ್ಷ. ಅಜ್ಜನ ಕಾಲದ ಕೋವಿ ಪರವಾನಗಿಯಿಲ್ಲದೆ ಅಟ್ಟದ ಮೇಲಿದ್ದರೆ ಅದಕ್ಕೆ ಕ್ಲಬ್ಬಿನಲ್ಲಿ ಜಾಗವಿಲ್ಲ. ದುರಸ್ತಿ ಮಾಡಿದರೂ ಹಾರದಂಥ ಹಳೆಯ ಆಯುಧಕ್ಕಷ್ಟೇ ಕಾಯ್ದೆಯ 45ನೇ ಕಲಂ ರಿಯಾಯಿತಿ ಕೊಡುತ್ತದೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಇಲ್ಲಿ ಇನ್ನೊಂದು ಗೆರೆ ಎಳೆಯುತ್ತದೆ. ಹೊನ್ನಾವರ ತಾಲ್ಲೂಕಿನ ಘಟ್ಟದ ಭಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ತಾಗಿದೆ. ಅಭಯಾರಣ್ಯದ ಒಳಗೆ ಮತ್ತು ಅದರಿಂದ 10 ಕಿಲೋಮೀಟರ್ ಒಳಗಿನ ಊರುಗಳ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವಲಯದಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಬೇಟೆಗೂ ಕ್ಲಬ್ಬಿಗೂ ಸಂಬಂಧವಿಲ್ಲ ಎಂಬ ಮಾತು ನಿಯಮಾವಳಿಯ ಮೊದಲ ಪುಟದಲ್ಲೇ ಇರಬೇಕು. ಬೇಟೆಯ ಪ್ರಕರಣದಲ್ಲಿ ತಪ್ಪಿತಸ್ಥರಾದವರನ್ನು ಹೊರಹಾಕುವ ಕಲಮು ಅದರ ಪಕ್ಕದಲ್ಲೇ ಇರಬೇಕು. ಅಷ್ಟು ಸ್ಪಷ್ಟವಾಗಿ ಹೇಳದ ಕ್ಲಬ್ಬನ್ನು ಅರಣ್ಯ ಇಲಾಖೆ ನಂಬಲು ಕಾರಣವೇ ಇಲ್ಲ.

ಜಾಗ ಹುಡುಕುವಾಗ ಅರಣ್ಯ ಭೂಮಿಯ ಆಸೆ ಬಿಡಬೇಕು. ಜಿಲ್ಲೆಯ ಬಹುಭಾಗ ಕಾಡೇ ಆಗಿರುವುದರಿಂದ ಸರ್ವೆ ನಂಬರ್ ನೋಡಿ ಖಾಸಗಿ ಮಾಲ್ಕಿ ಜಮೀನನ್ನೇ ಆರಿಸುವುದು ಕ್ಷೇಮ. ಕಲ್ಲು ತೆಗೆದು ಬಿಟ್ಟ ಚಿರೆಕಲ್ಲಿನ ಕ್ವಾರಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ: ಮೂರು ಕಡೆ ಗೋಡೆ, ಸದ್ದೂ ಒಳಗೇ ಉಳಿಯುತ್ತದೆ. ಆದರೆ ಬರಿಯ ಕಲ್ಲಿನ ಗೋಡೆಗೆ ಬಡಿದ ಗುಂಡು ಹಿಂದಕ್ಕೆ ಅಥವಾ ಪಕ್ಕಕ್ಕೆ ಚಿಮ್ಮುತ್ತದೆ. ಗುರಿಯ ಹಿಂದೆ ಕಲ್ಲಿಲ್ಲದ ಮೆತ್ತನೆ ಮಣ್ಣಿನ ದಪ್ಪ ದಿಬ್ಬ ಹಾಕಿದ ಮೇಲೆಯೇ ಕ್ವಾರಿ ಬಳಕೆಗೆ ಯೋಗ್ಯ. ಕ್ವಾರಿಯಲ್ಲಿ ಮಳೆನೀರು ನಿಲ್ಲುತ್ತದೆ, ಆ ನೀರು ಬಾವಿಗಳಿಗೆ ಇಂಗುತ್ತದೆ. ಸೀಸ ವಿಷ. ಹಾಗಾಗಿ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ದಿಬ್ಬದ ಮಣ್ಣು ಜರಡಿ ಹಿಡಿದು ಗುಂಡುಗಳನ್ನು ಹೆಕ್ಕಿ ತೆಗೆಯಬೇಕು.

ಕ್ಲಬ್ ಕಲಿಸಬೇಕಾದ ಮುಖ್ಯ ವಿದ್ಯೆ ತುಂಬುವ ಕ್ರಮ. ಪೆಟ್ಲುಪ್ಪು 75 ಭಾಗ, ಇದ್ದಿಲು 15, ಗಂಧಕ 10 ಸೇರಿದ ಕರಿಯ ಮಸಿಯನ್ನಷ್ಟೇ ಈ ಕೋವಿಗೆ ಬಳಸಬೇಕು. ಅದನ್ನು ಮನೆಯಲ್ಲಿ ಕುಟ್ಟಿ ಮಾಡುವುದು ಜೀವಕ್ಕೂ ಕುತ್ತು, ಸ್ಫೋಟಕ ಕಾಯ್ದೆ, 1884ರ ಪ್ರಕಾರ ಅಪರಾಧವೂ ಹೌದು. ಪರವಾನಗಿ ಇರುವ ಅಂಗಡಿಯಿಂದಲೇ ಕೊಳ್ಳಬೇಕು. ತೋಟಾ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದು ಉಂಟುಮಾಡುವ ಒತ್ತಡಕ್ಕೆ ಈ ನಳಿಗೆ ಒಡೆದು ಹೋಗುತ್ತದೆ. ಮಸಿಯನ್ನು ಡಬ್ಬದಿಂದ ನೇರ ನಳಿಗೆಗೆ ಸುರಿಯಬಾರದು. ಹಿಂದಿನ ಈಡಿನ ಕಿಡಿ ಒಳಗಿದ್ದರೆ ಡಬ್ಬವೇ ಕೈಯಲ್ಲಿ ಸಿಡಿಯುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಒಂದೊಂದು ಈಡಿನ ಮಸಿಯನ್ನೂ ಮೊದಲೇ ಅಳೆದು ಪುಟ್ಟ ಸೀಸೆಗಳಲ್ಲಿ ತರಬೇಕೆಂಬ ನಿಯಮವಿರುವುದು ಈ ಅಪಾಯ ತಪ್ಪಿಸಲು.

ಮಸಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯಬಾರದು. ಅರ್ಧದಲ್ಲಿ ನಿಂತ ಗುಂಡು ನಳಿಗೆ ಸೀಳಬಲ್ಲದು. ಇದಕ್ಕೊಂದು ಸುಲಭ ಉಪಾಯವಿದೆ. ಖಾಲಿ ನಳಿಗೆಗೆ ಸರಳು ಇಳಿಸಿ, ಬಾಯಿಯ ಮಟ್ಟದಲ್ಲಿ ಸರಳಿನ ಮೇಲೆ ಒಂದು ಗೆರೆ. ಸರಿಯಾಗಿ ತುಂಬಿದ ನಳಿಗೆಗೆ ಇಳಿಸಿ ಇನ್ನೊಂದು ಗೆರೆ. ಕೋವಿ ಖಾಲಿಯೋ, ತುಂಬಿದೆಯೋ, ಮರೆತು ಎರಡು ಸಲ ತುಂಬಿದೆಯೋ ಎಂಬುದನ್ನು ಈ ಎರಡು ಗೆರೆ ತಕ್ಷಣ ಹೇಳುತ್ತವೆ. ತೋಟದ ಕೋವಿ ಇರುವ ಪ್ರತಿ ಮನೆಯಲ್ಲೂ ಇಂದೇ ಮಾಡಬಹುದಾದ ಕೆಲಸ ಇದು. ತುಂಬುವಾಗ ಮುಖವನ್ನಾಗಲಿ ಅಂಗೈಯನ್ನಾಗಲಿ ನಳಿಗೆಯ ನೇರಕ್ಕೆ ತರಬಾರದು. ಕೇಪು ತೊಡಿಸುವುದು ಕೊನೆಯ ಕೆಲಸ; ನಳಿಗೆ ಗುರಿಯ ಕಡೆ ತಿರುಗಿದ ಮೇಲೆ ಮಾತ್ರ. ಕೇಪಿಗೆ ಬಡಿಯುವ ಕುದುರೆ ಬಿದ್ದು ಕೇಪು ಸಿಡಿದರೂ ಈಡು ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಒಂದೆರಡು ನಿಮಿಷ ಕಾಯಬೇಕು. ತಡವಾಗಿ ಹೊತ್ತುವುದು ಈ ಕೋವಿಯ ಸ್ವಭಾವ.

ಹಾರಿಸಿದ ದಿನವೇ ಬಿಸಿನೀರು, ಸಾಬೂನಿನಿಂದ ತೊಳೆದು ಒಣಗಿಸಿ ಎಣ್ಣೆ ಸವರದಿದ್ದರೆ ಉಳಿದ ಮಸಿಯ ಕಿಟ್ಟ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಕಡಲ ಗಾಳಿಯ ಊರಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಕಾರ್ಯಕ್ರಮ ಏರ್ಪಡಿಸುವವರು ಒಂದು ಕಲಮನ್ನು ಚೆನ್ನಾಗಿ ನೆನಪಿಡಬೇಕು. ಸಾರ್ವಜನಿಕ ಸಭೆ, ದೇವಸ್ಥಾನ, ಮದುವೆಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದ್ದರಿಂದ ಜಾತ್ರೆ, ತೇರು, ಯಕ್ಷಗಾನದ ರಾತ್ರಿಗೆ ಕೋವಿ ಪಂದ್ಯವನ್ನು ಜೋಡಿಸುವ ಯೋಚನೆಯೇ ಬೇಡ. ಪಂದ್ಯಕ್ಕೆ ಬೇರೆಯೇ ದಿನ, ಪರವಾನಗಿ ಪಡೆದ ಬೇಲಿಯೊಳಗಿನ ಜಾಗ, ಹಗಲು ಹೊತ್ತು ಇರಬೇಕು. ಮಳೆ ನಿಂತು ಗದ್ದೆ ಕೊಯ್ಲು ಮುಗಿದ ನಂತರ, ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಅನುಕೂಲ. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿದ್ದರೆ ಮುಂದೂಡುವುದೇ ದಾರಿ. ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ತಹಶೀಲ್ದಾರ್, ಸ್ಥಳೀಯ ಠಾಣೆಗೆ ಅರ್ಜಿ ಕೊಡುವಾಗ ಬರುವ ಕೋವಿಗಳ ನಂಬರು, ಪರವಾನಗಿಯ ವಿವರ, ಜಾಗದ ನಕ್ಷೆ ಲಗತ್ತಿಸಿದರೆ ಕೆಲಸ ಸಲೀಸು. ಪಂಚಾಯಿತಿಗೂ ಸುತ್ತಲಿನ ಮನೆಗಳಿಗೂ ಮುಂಚೆಯೇ ತಿಳಿಸುವುದು ಕಾನೂನಿಗಿಂತ ಹೆಚ್ಚಾಗಿ ನೆರೆಹೊರೆಯ ಮರ್ಯಾದೆ. ದನ ಮೇಯಿಸುವವರು ಆ ದಿಕ್ಕಿಗೆ ಬರದಂತೆ ಕೆಂಪು ಬಾವುಟ, ಕಾವಲಿಗೆ ಜನ ಬೇಕು.

ಅಂದು ಮೈದಾನದಲ್ಲಿ ಒಬ್ಬರ ಮಾತೇ ಕೊನೆಯದಾಗಿರಬೇಕು. ಆ ಮೇಲ್ವಿಚಾರಕರು ಸ್ಪರ್ಧೆಯಲ್ಲಿ ಭಾಗವಹಿಸಬಾರದು, ಊರಿನ ಯಾವ ದೊಡ್ಡವರ ಮಾತಿಗೂ ಬಗ್ಗಬಾರದು. ಬಂದ ಪ್ರತಿ ಕೋವಿಯ ನಳಿಗೆ, ಕುದುರೆ, ಮರದ ಹಿಡಿಯನ್ನು ಪರೀಕ್ಷಿಸಿ, ಅನುಮಾನ ಬಂದದ್ದನ್ನು ವಾಪಸು ಕಳಿಸಬೇಕು. ಕನ್ನಡಕ, ಕಿವಿಮುಚ್ಚಿಗೆ ಎಲ್ಲರಿಗೂ ಕಡ್ಡಾಯ. ಬೀಡಿ, ಸಿಗರೇಟು, ಹೆಂಡಕ್ಕೆ ಪೂರ್ತಿ ನಿಷೇಧ. ಆಂಬುಲೆನ್ಸ್ ಮತ್ತು ವಿಮೆ ಇಲ್ಲದೆ ಮೊದಲ ಈಡೂ ಹಾರಬಾರದು. ನಯವಾದ ನಳಿಗೆಯ ತೋಟದ ಕೋವಿಗೆ 25 ಮೀಟರ್‌ನಲ್ಲಿ ಕಾಗದದ ಗುರಿ ಸಾಕು. 50 ಮೀಟರ್ ಪಳಗಿದವರಿಗೆ. ಪರವಾನಗಿ ಇಲ್ಲದ ಯುವಕ ಯುವತಿಯರಿಗೆ 20 ಜೌಲ್ ಮೀರದ ಏರ್ ರೈಫಲ್ ಇದೆ, ಅದಕ್ಕೆ ಪರವಾನಗಿ ಬೇಕಿಲ್ಲ. ಕೈ, ಕಣ್ಣು, ಉಸಿರು ಪಳಗಿಸಲು ಅದು ಒಳ್ಳೆಯ ಪಾಠಶಾಲೆ.

ಮೊದಲ ವರ್ಷ ಪಂದ್ಯ, ಟ್ರೋಫಿ ಯಾವುದೂ ಬೇಡ. ಮೂರು ತಾಲ್ಲೂಕುಗಳಲ್ಲಿ ಬೆಳೆ ರಕ್ಷಣೆಯ ಕೋವಿ ಹೊಂದಿರುವ ರೈತರು ಪೊಲೀಸ್ ಮತ್ತು ಅರಣ್ಯ ಇಲಾಖೆಯವರನ್ನು ಕರೆದು, ಮಸಿ ಹಾಕದ ಖಾಲಿ ಕೋವಿಗಳಿಂದಲೇ ಒಂದು ದಿನದ ಸುರಕ್ಷತಾ ತರಬೇತಿ ಏರ್ಪಡಿಸಲಿ. ಅದಕ್ಕೆ ಬಂದವರೇ ಮುಂದೆ ಕ್ಲಬ್ಬಿನ ಮೊದಲ ಸದಸ್ಯರಾಗಲಿ.